ಮಾರಿಕಣಿವೆಯ ನೀರು ಮತ್ತು ಹಿನ್ನೀರು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಸೇರಿವೆ. ಶೇಂಗಾ ಬಿತ್ತಿ ಮುಗಿಲು ನೋಡುತ್ತ ಕೂರುವುದು ನಮ್ಮ ಹಿರಿಯರ ಕಾಲದಿಂದ ಬಂದ ಪಾಡು. ಇಂಥ ನಮಗೆ ಬೆಟ್ಟಗಳ ನಡುವೆ ಕಣ್ಣು ಹರಿದಷ್ಟು ದೂರ ನಿಂತ ನೀರನ್ನು ನೋಡುವುದು ಕೇವಲ ವಿಹಾರವಾಗಲಾರದು. ವಾಚಕ ಮಹಾಶಯರೇ, ಅಂಥ ಒಂದು ದಿನದ ಪ್ರವಾಸದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ತಮ್ಮ ಮುಂದಿಡುವುದಕ್ಕಾಗಿ ಈ ಬರಹ.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತೆಂಬ ವಾರ್ತೆ ಬಂದಾಗ, ನಾವು ಹನ್ನೆರಡು ಮಂದಿ ಕೂಡಿ ಒಂದು ವ್ಯಾನನ್ನು ಗೊತ್ತುಮಾಡಿಕೊಂಡು ಚಳ್ಳಕೆರೆಯಿಂದ ಹೊರಟೆವು. ಹಿರಿಯೂರಿನಲ್ಲಿ ಆ ಭಾಗವನ್ನು ಚೆನ್ನಾಗಿ ಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರು ಮಾರ್ಗದರ್ಶಕರಾಗಿ ನಮ್ಮೊಡನೆ ಕುಳಿತರು.

ಅಣೆಕಟ್ಟಿನ ಬಳಿ ಇಳಿದು ಕಣಿವೆ ಮಾರಮ್ಮನ ಗುಡಿಗೆ ಹೋಗಿ ಬಂದ ಮೇಲೆ ಅವರು ವಿವರಿಸತೊಡಗಿದರು. ಬಾಬಾಬುಡನ್ ಗಿರಿಶ್ರೇಣಿಯ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗುತ್ತದೆ. ಆ ನದಿ ಎರಡು ಗುಡ್ಡಗಳ ನಡುವೆ ನುಸುಳುವ ಕಿರಿದಾದ ಸ್ಥಳವನ್ನೇ ಆರಿಸಿ, ಸಿಮೆಂಟನ್ನು ಬಳಸದೆ, ಸುಣ್ಣ ಸುರಕಿಯ ಗಾರೆಯಲ್ಲಿ ಕಲ್ಲು ಕಟ್ಟಿ ಈ ಅಣೆಯನ್ನು ನಿಲ್ಲಿಸಿದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದ ಕಾಲದಲ್ಲಿ ಆರಂಭವಾದ ಕಾರ್ಯ 1907ರಲ್ಲಿ ಪೂರ್ಣಗೊಂಡಿತು. ‘ವಾಣಿವಿಲಾಸ’ ಎಂಬುದು ಅವರ ಬಿರುದಿನಿಂದಲೇ ಬಂದ ಹೆಸರು. 130 ಅಡಿ ತುಂಬಿದಾಗ ಸುಮಾರು 30 ಟಿಎಂಸಿ ನೀರು ನಿಲ್ಲುತ್ತದೆ.

ಹಾಗೆ ತುಂಬುವುದೇ ಅಪರೂಪ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರಲ್ಲಿ. ನಡುವೆ 89 ವರ್ಷಗಳು! ಮೂರನೆಯದಕ್ಕೆ ಮೂರು ವರ್ಷವೂ ಹಿಡಿಯಲಿಲ್ಲ. ಮಳೆಯ ಜೊತೆಗೆ, 2019ರಿಂದ ಎತ್ತಿ ಹರಿಸುತ್ತಿರುವ ಭದ್ರೆಯ ನೀರೂ ಇದಕ್ಕೆ ಕಾರಣ. ಇದನ್ನು ಕೇಳಿ ನಮ್ಮವರೆಲ್ಲ ಕೈಮುಗಿದರು.

ಬಂದವರು ಬಹುಮಟ್ಟಿಗೆ ಇಲ್ಲಿಂದಲೇ ಹಿಂತಿರುಗುತ್ತಾರೆ. ನಮ್ಮ ಮಾರ್ಗದರ್ಶಕರು ಮಾತ್ರ, “ನೀರಿನ ಮುಖ ನೋಡಿದಿರಿ, ಬೆನ್ನನ್ನೂ ನೋಡಿ” ಎಂದು ವ್ಯಾನನ್ನು ಹೊಸದುರ್ಗದ ಕಡೆಯ ಹಿನ್ನೀರಿಗೆ ತಿರುಗಿಸಿದರು. ದಾರಿ ಸಾಗಿದಷ್ಟು ದೂರ ಸಾಗಿದೆವು. ಅಲ್ಲಿ ತೆಂಗಿನ ಮರಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು. ಅಡಿಕೆಯ ಗರಿಗಳು ಹಳದಿಯಾಗಿದ್ದವು. ದಡದಲ್ಲಿದ್ದ ರೈತರೊಬ್ಬರು ನಮ್ಮ ಊರು ಕೇಳಿ, “ನಿಮ್ಮ ಕಡೆಗೆ ನೀರಾಯಿತು, ಸಂತೋಷ ಸ್ವಾಮಿ. ನಮ್ಮ ತೋಟ ಮಾತ್ರ ಎರಡನೇ ಸಲ ಮುಳುಗಿತು” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನಮ್ಮೊಡನಿದ್ದ ಪರಶುರಾಂಪುರದ ಕಡೆಯ ವೃದ್ಧೆಯೊಬ್ಬರು, ಹರಯದಲ್ಲಿ ಒಂದು ಕೊಡ ನೀರಿಗೆ ಹರದಾರಿ ನಡೆದವರು, “ನಮ್ಮ ಕೊಡ ತುಂಬಬೇಕಾದರೆ ನಿನ್ನ ತೋಟ ಮುಳುಗಬೇಕಿತ್ತೇನಪ್ಪಾ” ಎಂದು ಕಣ್ಣೊರೆಸಿಕೊಂಡರು. ಹಿಂತಿರುಗುವಾಗ ವ್ಯಾನಿನಲ್ಲಿ ಬಹಳ ಹೊತ್ತು ಮಾತಿರಲಿಲ್ಲ.

ವಾಚಕರೇ, ಈ ಜಲಾಶಯದಿಂದ ವೇದಾವತಿಯ ಪಾತ್ರಕ್ಕೆ ನೀರು ಬಿಡುವ ವಿಷಯದಲ್ಲಿ ಹಿರಿಯೂರು ಮತ್ತು ಚಳ್ಳಕೆರೆಯ ರೈತರ ನಡುವೆ ಮಾತು ಬೆಳೆದದ್ದು ತಮಗೆ ತಿಳಿದೇ ಇದೆ. ನಮ್ಮ ಪಾಲನ್ನು ನಾವು ಕೇಳುವುದು ನ್ಯಾಯವೇ ಸರಿ. ಆದರೆ ಪಾಲು ಕೇಳುವವರಿಬ್ಬರ ಹಿಂದೆ, ನೀರಿಗೆ ನೆಲವನ್ನೇ ಬಿಟ್ಟುಕೊಟ್ಟ ಮೂರನೆಯವರೊಬ್ಬರಿದ್ದಾರೆ. ಅವರಿಗೆ ತಕ್ಕ ಪರಿಹಾರ ದೊರೆಯಲೆಂದು ಅವರ ಪರವಾಗಿ ದನಿಯೆತ್ತುವುದು, ಆ ನೀರನ್ನು ಕುಡಿಯುವ ನಮ್ಮ ಕರ್ತವ್ಯ. ಬಂದ ನೀರನ್ನು ಪೋಲುಮಾಡದಿರುವುದು, ನಮ್ಮೂರ ಕೆರೆಗಳ ಹೂಳೆತ್ತಿ ಬಿದ್ದ ಮಳೆಯನ್ನು ಇಲ್ಲಿಯೇ ಹಿಡಿದಿಡುವುದು ಅದಕ್ಕಿಂತ ಹತ್ತಿರದ ಕರ್ತವ್ಯ.

ತಾವೂ ಒಮ್ಮೆ ಮಕ್ಕಳು ಮೊಮ್ಮಕ್ಕಳೊಡನೆ ಮಾರಿಕಣಿವೆಗೆ ಹೋಗಿಬನ್ನಿ. ಅಣೆಕಟ್ಟಿನ ಸೊಬಗನ್ನು ಕಣ್ತುಂಬ ನೋಡಿ. ಅನಂತರ ವ್ಯಾನಿನವರಿಗೆ ಹೇಳಿ, ಹಿನ್ನೀರಿನ ಹಳ್ಳಿಗಳ ದಾರಿಯನ್ನೂ ಹಿಡಿಯಿರಿ.