ಮಾವನ ಪರಿಸಲು, ನಮ್ಮ ಬ್ಯಾಟರಿ



ನಾವು ಮಾರ್ಕಯನ್‌ಕೋಟ್ಟೈಯ ಮೂವರು ಗೆಳೆಯರು. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಕಣಿವೆಯ ಗದ್ದೆ, ದ್ರಾಕ್ಷಿ ತೋಟಗಳಿಗೆ ನೀರುಣಿಸುವ ಮುಲ್ಲೈಪೆರಿಯಾರ್ ಹೊಳೆ ಮುಂದೆ ವೈಗೈ ನದಿಗೆ ಸೇರುತ್ತದೆ. ಥೇನಿ ದಾಟಿದರೆ 1959ರಲ್ಲಿ ಕಟ್ಟಿ ಮುಗಿಸಿದ ವೈಗೈ ಅಣೆಕಟ್ಟೆ. ಅದರ ಹಿನ್ನೀರಿನಲ್ಲಿ ನಮ್ಮಲ್ಲೊಬ್ಬನ ಮಾವ ಮೀನು ಹಿಡಿಯುತ್ತಾರೆ. ಅವರದು ಗುಂಡಗಿನ ಫೈಬರ್ ಪರಿಸಲು. ಕನ್ನಡ ಪುಸ್ತಕಗಳಲ್ಲಿ ಹರಿಗೋಲು ಅನ್ನುತ್ತಾರಲ್ಲ, ಅದೇ.

ಹೋದ ವರ್ಷ ಮಾವನ ಬಲೆ ನೀರಿನಡಿಯ ಮರದ ಬುಡಗಳಿಗೆ ಸಿಕ್ಕಿ ಮತ್ತೆ ಮತ್ತೆ ಹರಿಯಿತು. ಆಗಲೇ ಗಲ್ಫ್‌ನಿಂದ ಬಂದ ನಮ್ಮ ಅಣ್ಣನೊಬ್ಬ ಹಳೆಯ ಫಿಶ್ ಫೈಂಡರ್ ತಂದುಕೊಟ್ಟ. ಅದು ನೀರಿನೊಳಕ್ಕೆ ಶಬ್ದ ಕಳಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಅದು ತಳಕ್ಕೆ ಬಡಿದು ಮರಳುವ ಸಮಯ ಅಳೆದು ಆಳವನ್ನೂ ತಳದ ಬುಡಗಳನ್ನೂ ಮೀನನ್ನೂ ತೆರೆಯ ಮೇಲೆ ತೋರಿಸುತ್ತದೆ. ಅದಕ್ಕೆ 12 ವೋಲ್ಟ್ ಕರೆಂಟ್ ಬೇಕು.

ಖರ್ಚು ಬೇಡವೆಂದು ನಾವು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬೈಕ್ ಬ್ಯಾಟರಿಯನ್ನು ಚಾರ್ಜ್ ಮಾಡಿ ಕಟ್ಟಿದೆವು. ಮುಚ್ಚಳ ತೆಗೆದು ನೀರು ಹಾಕುವ ಜಾತಿಯದು. ಮೊದಲ ಸಂಜೆ ತೆರೆ ಬೆಳಗಿದಾಗ ಮಾವ ಮಗುವಿನಂತೆ ನಕ್ಕರು. ಆದರೆ ಬಲೆ ಎಳೆಯುವಾಗ ಪರಿಸಲು ವಾಲಿತು, ಬ್ಯಾಟರಿ ಉರುಳಿತು, ಆಸಿಡ್ ಸೋರಿತು. ನಾವು ಬಟ್ಟೆಯಿಂದ ಒರೆಸಿ ಸುಮ್ಮನಾದೆವು. ಮಾವನಿಗೆ ಹೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಬಲೆ ಕೈಯಲ್ಲೇ ಪುಡಿಯಾಗತೊಡಗಿತು. ಆಸಿಡ್ ತಾಗಿದರೆ ನೈಲಾನ್ ನೂಲು ತನ್ನ ಬಲ ಕಳೆದುಕೊಳ್ಳುತ್ತದೆ. ಮಾವ ಮಾತ್ರ, "ಹಳೇ ಬಲೆ, ಅದಕ್ಕೂ ವಯಸ್ಸಾಯ್ತು ಬಿಡ್ರಪ್ಪಾ" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಒಂದು ಮಾತಿನ ಹಿಂದೆ ನಾವು ಅಡಗಿಕೊಳ್ಳಬಹುದಿತ್ತು. ಎರಡು ದಿನ ಅಡಗಿಯೂ ಇದ್ದೆವು.

ಭಾನುವಾರ ಪೂಜೆ ಮುಗಿಸಿ ಹೊರಬಂದಾಗ ನಮ್ಮಲ್ಲಿ ಕಿರಿಯವನು, "ಇವತ್ತೇ ಹೋಗೋಣ" ಅಂದ. ಹೋಗಿ ಎಲ್ಲ ಹೇಳಿದೆವು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಲೆ ಹೋಗ್ಲಿ. ಅದು ನಿಮ್ಮ ಕಣ್ಣಿಗೆ ಹಾರಿದ್ರೆ? ಅವತ್ತೇ ಹೇಳ್ಬೇಕಿತ್ತು" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ನಾವು ನಾಲ್ಕು ಶನಿವಾರ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿ ಹೊಸ ಬಲೆಗೆ ದುಡ್ಡು ಕೂಡಿಸಿದೆವು. ಹಳೆಯ ಹಗ್ಗಕ್ಕೆ ಅದನ್ನು ಕಟ್ಟುವುದನ್ನು ಮಾವನೇ ಕಲಿಸಿದರು.

ಬ್ಯಾಟರಿಯ ಕೆಲಸವನ್ನೂ ಈ ಸಲ ಲೆಕ್ಕ ಹಾಕಿ ಮಾಡಿದೆವು. ನಮ್ಮ ಯಂತ್ರ ಎಳೆಯುವುದು ಸುಮಾರು 0.3 ಆಂಪಿಯರ್. ಯುಪಿಎಸ್‌ನಲ್ಲಿ ಇರುವಂಥ, ಸೋರದ ಹಾಗೆ ಮುಚ್ಚಿದ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಕೊಂಡೆವು. ಇಂಥ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಬೇಗ ಕೆಡುತ್ತದೆ. ಅರ್ಧ, ಅಂದರೆ 3.5 ಬಳಸಿದರೂ ಸುಮಾರು 11 ಗಂಟೆ ನಡೆಯುತ್ತದೆ. ಒಂದು ರಾತ್ರಿಗೆ ಧಾರಾಳ. ಲಿಥಿಯಂ ಬ್ಯಾಟರಿ ಇನ್ನೂ ಹಗುರ, ಆದರೆ ಬೆಲೆ ಹೆಚ್ಚು, ಅದಕ್ಕೆ ತಕ್ಕ ಚಾರ್ಜರ್ ಬೇರೆ ಬೇಕು.

ಪ್ಲಸ್ ತಂತಿಗೆ, ಬ್ಯಾಟರಿಯ ಹತ್ತಿರವೇ, ಯಂತ್ರದ ಪುಸ್ತಕ ಹೇಳಿದಷ್ಟು ಅಳತೆಯ ಫ್ಯೂಸ್ ಹಾಕಿದೆವು. ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಪರಿಸಲು ವಾಲಿದರೂ ಉರುಳದಂತೆ ಅಡ್ಡಹಲಗೆಗೆ ಬಿಗಿದೆವು. ಮನೆಗೆ ಬಂದ ಕೂಡಲೇ ಚಾರ್ಜಿಗೆ ಇಡುವುದು ನಮ್ಮ ಪಾಳಿ.

ಈಗ ಮಾವ ಬಲೆ ಬಿಡುವ ಮುನ್ನ ತೆರೆ ನೋಡಿ, "ಇಲ್ಲಿ ಬುಡ ಇದೆ, ಆ ಕಡೆ ಹೋಗೋಣ" ಅನ್ನುತ್ತಾರೆ. ಸ್ನೇಹಿತರೇ, ನೀವೂ ಮನೆಯ ಹಿರಿಯರ ದೋಣಿಗೆ ಇಂಥದ್ದು ಕಟ್ಟುವುದಾದರೆ ಫ್ಯೂಸ್ ಮರೆಯಬೇಡಿ. ಏನಾದರೂ ಚೆಲ್ಲಿದರೆ ಅವತ್ತೇ ಹೇಳಿಬಿಡಿ.