ಒಂದು ಕೀಲಿ, ಇಬ್ಬರು ತಮ್ಮಣ್ಣರು

ಮೂಡಲಗಿ ಕಡೆಯ ಹಳ್ಳಿಯೊಂದರ ಶಾಲೆಗೆ ಆರು ಹಳೆಯ ಕಂಪ್ಯೂಟರ್‌ಗಳು ಬಂದಾಗ ಅವಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನು. ಆಗ ಗೋಕಾಕದಲ್ಲಿ ಓದುತ್ತಿದ್ದೆ. ಕನ್ನಡ ಟೈಪಿಸಲು ಕೆಜಿಪಿ ಕೀಲಿಮಣೆ ಅದರಲ್ಲೇ ಇತ್ತು. ಆದರೆ ‘ಜ್ಞ’ ಬರೆಯಲು ಪ್ರತಿ ಸಲ ಮೂರು ಕೀಲಿ ಒತ್ತಬೇಕಲ್ಲ ಎಂದು ವಿಜ್ಞಾನದ ಟೀಚರು ಗೊಣಗಿದರು. ನಾನು ಕೀಲಿಮಣೆಯ ಕಡತ ತೆರೆದು ಒಂದು ಕೀಲಿಗೆ ‘ಜ್ಞ’ ಕೂರಿಸಿದೆ. ಒಂದೇ ಸಾಲಿನ ಕೆಲಸ. “ಭಾಳ ಶಾಣ್ಯಾ ಅದಿಯಪಾ” ಅಂದರು. ಆ ಸಾಲಿನ ಬಗ್ಗೆ ಎಲ್ಲೂ ಬರೆದಿಡಲಿಲ್ಲ.

ಕೆಲವು ತಿಂಗಳ ಮೇಲೆ ಅಪ್‌ಡೇಟ್ ಬಂತು. ಹೊಸ ಕಡತ ನನ್ನ ಕಡತದ ಮೇಲೆ ಕುಳಿತು ನನ್ನ ಸಾಲನ್ನು ಅಳಿಸಿತು. ಪರೀಕ್ಷೆಯ ಹಿಂದಿನ ಸಂಜೆ ಟೀಚರಿಗೆ ‘ವಿಜ್ಞಾನ’ವೇ ಮೂಡಲಿಲ್ಲ. ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿ ಬರೆದರು. ಕೀಲಿ ಸವೆದಿರಬೇಕೆಂದು ಮುಂದಿನ ವಾರ ಗೋಕಾಕ ಪೇಟೆಯಿಂದ ತಮ್ಮ ದುಡ್ಡಿನಲ್ಲಿ ಹೊಸ ಕೀಬೋರ್ಡ್ ತಂದರು. ಅದರಲ್ಲೂ ಬರಲಿಲ್ಲ. ನಾನು ಹೋದಾಗ, “ನನಗs ಮರತಿರಬೇಕು” ಎಂದರು. ತಪ್ಪು ನನ್ನದು, ಅಳುಕು ಅವರದು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಬೇರೆಯವರು ಬರೆದ ತಂತ್ರಾಂಶವನ್ನು ಕಟ್ಟಿ ಹಂಚುವವರು ಅದರಲ್ಲಿ ತಮ್ಮದನ್ನೂ ಸೇರಿಸಬಹುದೇ?

ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. 2006ರಲ್ಲಿ ಡೆಬಿಯನ್‌ನ ನಿರ್ವಾಹಕರೊಬ್ಬರು, ತಪ್ಪು ಹುಡುಕುವ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು ಓಪನ್‌ಎಸ್‌ಎಸ್‌ಎಲ್‌ನ ಸಾಲುಗಳನ್ನು ತೆಗೆದರು. ಗುಪ್ತ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆ ಹುಟ್ಟುತ್ತಿದ್ದುದೇ ಆ ಸಾಲುಗಳಿಂದ. ಅಪಾರ ಸಂಖ್ಯೆಯಲ್ಲಿರಬೇಕಿದ್ದ ಕೀಲಿಗಳು ಪ್ರತಿ ಬಗೆಯಲ್ಲಿ ಸುಮಾರು 32 ಸಾವಿರಕ್ಕೆ ಇಳಿದವು. ಯಾರು ಬೇಕಾದರೂ ಕುಳಿತು ಒಂದೊಂದಾಗಿ ಪ್ರಯತ್ನಿಸಬಹುದಿತ್ತು. ಇದು ಬಯಲಾದದ್ದು 2008ರ ಮೇನಲ್ಲಿ. ಡೆಬಿಯನ್ ಆಧರಿಸಿದ ಉಬುಂಟುವಿಗೂ ಪೆಟ್ಟು ಬಿತ್ತು. ಅವರ ಉದ್ದೇಶವೂ ಒಳ್ಳೆಯದೇ ಇತ್ತು.

ಹಾಗೆಂದು ಮೂಲವನ್ನು ಮುಟ್ಟಲೇಬಾರದು ಎನ್ನಲು ನನ್ನಿಂದಾಗದು. ಮೂಲ ಬರೆದವರನ್ನು ತಂತ್ರಾಂಶ ಲೋಕ ‘ಅಪ್‌ಸ್ಟ್ರೀಮ್’ ಎನ್ನುತ್ತದೆ, ಅಂದರೆ ಹೊಳೆಯ ಮೇಲ್ಭಾಗದವರು. ಘಟಪ್ರಭೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಮಳೆಗಾಲದಲ್ಲಿ ನೀರು ಬಿಟ್ಟರೆ ಗೋಕಾಕದ ಹೊಳೆದಂಡೆಯ ಮನೆಗಳಿಗೆ ನಿದ್ದೆಯಿಲ್ಲ. ನಡುವೆ ಧೂಪದಾಳದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಅದರಿಂದ ಹೊಲಗಳು ಹಸಿರಾಗಿವೆ. ಆ ಒಡ್ಡು ಎಲ್ಲರ ಕಣ್ಣಿಗೂ ಕಾಣುತ್ತದೆ. ನನ್ನ ಸಾಲು ಯಾರಿಗೂ ಕಾಣುತ್ತಿರಲಿಲ್ಲ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವೂ ಹೀಗೆ ಕೈ ಬದಲಿಸಿ ಬೆಳೆದದ್ದು. ಅಪರಾಳ ತಮ್ಮಣ್ಣ ಬರೆದುದನ್ನು ಕುಲಗೋಡ ತಮ್ಮಣ್ಣ ತಿದ್ದಿ, ಬೆಳೆಸಿ, ಬಯಲಾಟವಾಗಿಸಿದ. ಆ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದರು ಅದಕ್ಕೆ ದನಿಯಾದರು. ಎರಡನೆಯ ತಮ್ಮಣ್ಣ ಕೈ ಹಚ್ಚದಿದ್ದರೆ ನಮ್ಮೂರ ಕಟ್ಟೆಗಳಲ್ಲಿ ಸತ್ಯಭಾಮೆ ರಾತ್ರಿಯಿಡೀ ಮುನಿಸಿಕೊಳ್ಳುತ್ತಿರಲಿಲ್ಲ. ಆದರೂ ಪಾರಿಜಾತದ ಮಾತು ಬಂದಾಗ ನಮ್ಮ ಹಿರಿಯರು ಇಬ್ಬರ ಹೆಸರನ್ನೂ ಹೇಳುತ್ತಾರೆ. ಒಬ್ಬರದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ನನಗೆ ಸಿಕ್ಕ ಉತ್ತರ ಇಷ್ಟೇ. ಸೇರಿಸಬಹುದು, ಆದರೆ ಸೇರಿಸಿದವರ ಹೆಸರು ಅಲ್ಲಿರಬೇಕು, ಮೂಲದವರಿಗೆ ತಿಳಿಸಬೇಕು, ಕೆಟ್ಟರೆ ದೂರು ಅವರ ಬಾಗಿಲಿಗಲ್ಲ, ನಮ್ಮ ಬಾಗಿಲಿಗೆ ಬರಬೇಕು. ಜೊತೆಗೆ, ಬಳಸುವವರಿಗೆ ಮೂಲಕ್ಕೆ ಮರಳುವ ದಾರಿ ಗೊತ್ತಿರಬೇಕು.

ಆ ದಿನ ಮೂಲ ಕಡತವನ್ನು ಮುಟ್ಟದೆ, ಟೀಚರ ಖಾತೆಯಲ್ಲಿ ಬೇರೆ ಹೆಸರಿನ ಕೀಲಿಮಣೆಯೊಂದನ್ನು ಮಾಡಿದೆ. ಏನು ಬದಲಿಸಿದ್ದೇನೆಂದು ಚೀಟಿಯಲ್ಲಿ ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿ ಮಾನಿಟರಿಗೆ ಅಂಟಿಸಿದೆ. ಕೀಬೋರ್ಡಿನ ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಮೊದಲs ಹೇಳಬೇಕಿತ್ತು” ಎಂದರು, ಅಷ್ಟೇ.