ಹೆಡರ್ ಒಂದೇ, ಮಂದಿ ನಲವತ್ತು

ಅಂಕಲಿಯ ಗೆಳೆಯರೇ,

ಕಬ್ಬು ಬೆಳೆಗಾರರ ಇಮೇಲ್ ನೋಡಿಕೊಳ್ಳುವ ಕೆಲಸ ನಿಮ್ಮ ಕೊರಳಿಗೆ ಬಿದ್ದಿದ್ದು ತಿಳಿಯಿತು. ಕಾರ್ಖಾನೆಯ ಬಿಲ್ಲಿನ ಪತ್ರಗಳು ಹಬ್ಬದ ಶುಭಾಶಯಗಳ ಅಡಿಗೆ ಹೂತು ಹೋಗುತ್ತಿದ್ದರೆ ಸಿಟ್ಟು ಬರುವುದು ಸಹಜವೇ. ಬಹಳ ಮಂದಿಗೆ ಒಟ್ಟಿಗೇ ಬಂದವನ್ನು ಹಿಡಿಯಲು 'ಟು' ಎಣಿಕೆ ಮೂರಕ್ಕಿಂತ ಹೆಚ್ಚಿದ್ದರೆ ಬದಿಗಿಡು ಅಂತ ನಿಯಮ ಬರೆದಿರಿ, ಒಂದು ಪತ್ರವೂ ಕದಲಲಿಲ್ಲ. ತಪ್ಪು ಸರ್ವರ್‌ನದಲ್ಲರೀ.

ನೀವು ಬರೆದದ್ದು ಇಮೇಲ್ ವಿಂಗಡಿಸುವ ಸೀವ್ ಭಾಷೆಯಲ್ಲಿ. ಅದರ ಮಾನದಂಡ 2001ರದು. ಎಣಿಸುವ ಶಕ್ತಿ ಮರುವರ್ಷ ಬಂತು, 2008ರ ಆರ್‌ಎಫ್‌ಸಿ 5231ರಲ್ಲಿ ಪರಿಷ್ಕಾರವಾಯಿತು. ಅಲ್ಲಿ 'ಹೆಡರ್' ಪರೀಕ್ಷೆ ಎಣಿಸುವುದು ಹೆಡರ್‌ಗಳನ್ನು, 'ಅಡ್ರೆಸ್' ಪರೀಕ್ಷೆ ಎಣಿಸುವುದು ಅದರೊಳಗಿನ ವಿಳಾಸಗಳನ್ನು. ನಲವತ್ತು ಮಂದಿಗೆ ಹೋದ ಪತ್ರಕ್ಕೂ 'ಟು' ಹೆಡರ್ ಒಂದೇ. ಲಗ್ನಪತ್ರಿಕೆ ಮೇಲೆ 'ಓಣಿಯ ಸಮಸ್ತರಿಗೆ' ಎಂದು ಬರೆದರೆ ಸಾಲು ಒಂದೇ, ಎಲೆ ಹಾಕುವುದು ಎಷ್ಟೋ ಮಂದಿಗೆ, ಹಾಗೆ.

'ಅಡ್ರೆಸ್' ಎಂದು ತಿದ್ದಿದ ಮೇಲೂ ಹನ್ನೆರಡು ಮಂದಿಗೆ ಹೋದ ಪತ್ರ ತಪ್ಪಿಸಿಕೊಂಡೀತು. ಸಂಖ್ಯೆಯಾಗಿ ಹೋಲಿಸು ಎಂದು ಹೇಳದಿದ್ದರೆ ಸೀವ್ ಅಕ್ಷರವಾಗಿ ಹೋಲಿಸುತ್ತದೆ. 12ರ ಮೊದಲಕ್ಷರ 1 ಆದ್ದರಿಂದ ಅದು 3ಕ್ಕಿಂತ ಚಿಕ್ಕದು! ಆಸ್ಕಿ-ನ್ಯುಮರಿಕ್ ಹೋಲಿಕೆಯನ್ನು ಮರೆಯದೆ ಸೇರಿಸಿ.

ಬಂದ ಪತ್ರಗಳ ಮೇಲೆ ನೇರ ಪ್ರಯೋಗ ಬೇಡ. ಡವ್‌ಕಾಟ್ ಸರ್ವರ್‌ನ ಪಿಜನ್‌ಹೋಲ್ ಎಂಬ ಸೀವ್ ತಂತ್ರಾಂಶದ ಜೊತೆ 'ಸೀವ್-ಟೆಸ್ಟ್' ಬರುತ್ತದೆ. ನಿಯಮದ ಕಡತ, ಒಂದು ಪತ್ರದ ಕಡತ ಕೊಟ್ಟರೆ ಏನು ಮಾಡುತ್ತಿತ್ತು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮೂರು, ನಾಲ್ಕು, ಹನ್ನೆರಡು ವಿಳಾಸಗಳ ಮಾದರಿ ಪತ್ರಗಳನ್ನು ನೀವೇ ಕಟ್ಟಿ. ಒಂದರಲ್ಲಿ ಉದ್ಧರಣ ಚಿಹ್ನೆಯೊಳಗೆ 'ಪಾಟೀಲ, ಅಂಕಲಿ' ಎಂಬ ಹೆಸರಿರಲಿ. ಆ ಅಲ್ಪವಿರಾಮವನ್ನು ಎರಡನೇ ವಿಳಾಸವೆಂದು ಎಣಿಸದಿದ್ದರೆ ಸರಿ. ಬಿಸಿಸಿಯಲ್ಲಿ ಸೇರಿಸಿದವರ ಹೆಸರು ಪತ್ರದಲ್ಲೇ ಇರುವುದಿಲ್ಲ, ಅವರನ್ನು ಯಾವ ಎಣಿಕೆಯೂ ಹಿಡಿಯದು. ಅಂಥವಕ್ಕೆ 'ಟು', 'ಸಿಸಿ' ಎರಡರಲ್ಲೂ ನಮ್ಮ ವಿಳಾಸವಿಲ್ಲ ಎಂಬ ಬೇರೆ ನಿಯಮ ಬೇಕು.

ನನ್ನ ಮುಖ್ಯ ಚಿಂತೆ ಇನ್ನೊಂದು. ಬಹಳ ಮಂದಿಗೆ ಬಂದದ್ದೆಲ್ಲ ಕಸವಲ್ಲ. ಕೃಷ್ಣೆಗೆ ನೀರು ಬಿಟ್ಟ ಸೂಚನೆ ದಂಡೆಯ ಊರುಗಳಿಗೆಲ್ಲ ಒಟ್ಟಿಗೇ ಬರುವಂಥದ್ದು. 2019ರ ಆಗಸ್ಟ್ ನೆರೆ ಕಂಡ ನಿಮಗೆ ಅದರ ಬೆಲೆ ಹೇಳಬೇಕಿಲ್ಲ. ಹಾಗಾಗಿ ತಹಶೀಲ್ದಾರ್ ಕಚೇರಿ, ನೀರಾವರಿ ಇಲಾಖೆ, ಕಾರ್ಖಾನೆಯ ವಿಳಾಸಗಳಿಂದ ಬಂದರೆ ಇನ್‌ಬಾಕ್ಸ್‌ನಲ್ಲೇ ಇಟ್ಟು ಅಲ್ಲಿಗೇ ನಿಲ್ಲು ಎಂಬ ನಿಯಮ ಎಲ್ಲಕ್ಕಿಂತ ಮೇಲಿರಲಿ. ಎಣಿಕೆ ಅದರ ಕೆಳಗೆ. ಸಿಕ್ಕಿಬಿದ್ದವನ್ನು ಅಳಿಸಬೇಡಿ, ಬೇರೆ ಫೋಲ್ಡರ್‌ಗೆ ಹಾಕಿ, ದಿನಕ್ಕೊಮ್ಮೆ ಕಣ್ಣಾಡಿಸಿ.

ತಿದ್ದಿದ ನಿಯಮವನ್ನು ಕಳಿಸಿರಿ, ನೋಡುತ್ತೇನೆ.

ನಿಮ್ಮ ಸ್ನೇಹಿತ